ಉಪ್ಪು ಖಾರದ ಕಿತ್ತಳೆ

ಹೋದ ಶುಕ್ರವಾರ ಸಂಜೆ ಮಸ್ಕತ್ತಿನ ಒಂದು ಮೈದಾನದಲ್ಲಿ, ಬೇಲಿಯ ಪಕ್ಕ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಆಟದ ಅರ್ಧ ವಿರಾಮ. ಹಸಿರು ಅಂಗಿಯ ಒಬ್ಬ ಐರಿಷ್ ಯುವಕ ಕಾಗದದ ತಟ್ಟೆ ತಂದು ನನ್ನ ಮುಂದೆ ಹಿಡಿದ. ಸಿಪ್ಪೆ ಸಮೇತ ಕತ್ತರಿಸಿದ ಕಿತ್ತಳೆ ಹೋಳುಗಳು, ಮೇಲೆ ಉಪ್ಪು, ಕೆಂಪು ಮೆಣಸಿನ ಪುಡಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಣ್ಣು ತುಂಬಿಕೊಂಡಿತು. ಖಾರಕ್ಕಲ್ಲ.

"ತಗೊಳ್ಳಿ ಮೇಡಂ, ಇದು ನಮ್ಮ ಸರಣಿಯ ಸಂಪ್ರದಾಯ," ಅಂದ ಇಂಗ್ಲಿಷಿನಲ್ಲಿ. "ನಮ್ಮ ಹಳೇ ಆಟಗಾರರು ಶುರು ಮಾಡಿದ್ದಂತೆ."

ಹಳೇ ಆಟಗಾರರಂತೆ. ಹುಡುಗನ ತಪ್ಪೇನಿಲ್ಲ, ಅವನಿಗೆ ಯಾರೋ ಹಾಗೆ ಹೇಳಿದ್ದಾರೆ. ತಟ್ಟೆ ಇಸಕೊಂಡೆ. ತಿನ್ನಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಕೂತೆ.

ಇದನ್ನು ಶುರು ಮಾಡಿದ್ದು ಯಾವ ಆಟಗಾರನೂ ಅಲ್ಲ. ಮಸ್ಕತ್ತಿನ ವಾದಿ ಅದಾಯ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲಾಟಿನಲ್ಲಿದ್ದ ಮೇಷ್ಟ್ರು, ಅವರ ಹೆಂಡತಿ. ಕೆಳಗೆ ಕಾರಿನ ಏಸಿ ರಿಪೇರಿ ಅಂಗಡಿಗಳು, ಹಿಂದೆ ಒಂದು ಹುಲ್ಲೂ ಇಲ್ಲದ ಕಂದು ಗುಡ್ಡ, ನಡುವೆ ನಮ್ಮ ಕಟ್ಟಡ. ಮೇಷ್ಟ್ರು ಉಡುಪಿ ಕಡೆಯವರು, ಒಂದು ಇಂಡಿಯನ್ ಸ್ಕೂಲಿನಲ್ಲಿ ಪಿ.ಟಿ. ಹೇಳಿಕೊಡುತ್ತಿದ್ದರು. ನಾನು ಮೈಸೂರಿನವಳು. ನಾನು "ಮೇಷ್ಟ್ರೇ" ಅಂದಾಗೆಲ್ಲ ಅವರು, "ಮೇಷ್ಟ್ರು ನಿಮ್ಮ ಮೈಸೂರಲ್ಲಿ. ನಾನು ಮಾಸ್ಟ್ರು ಮಾರಾಯ್ರೆ," ಅನ್ನುತ್ತಿದ್ದರು. ನಾನು ಕೊನೆಯವರೆಗೂ ಮೇಷ್ಟ್ರು ಎಂದೇ ಕರೆದೆ, ಅವರು ಕೊನೆಯವರೆಗೂ ತಿದ್ದಿದರು. ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ಮೀನು ಹುರಿದ ದಿನ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು ಪಾಪ, ನನಗೆ ವಾಸನೆ ಆಗುವುದಿಲ್ಲವೆಂದು. ಮಾವಿನಕಾಯಿ, ಪೇರಳೆ, ಅನಾನಸು, ಏನು ಹೆಚ್ಚಿದರೂ ಉಪ್ಪು ಖಾರ ಹಾಕಿ ಒಂದು ತಟ್ಟೆ ನಮ್ಮ ಮನೆಗೆ ಬರುತ್ತಿತ್ತು.

ಈಗ ಆಟದ ವಿಷಯ. ಐರ್ಲೆಂಡಿನವರಿಗೆ ಅವರದೇ ಒಂದು ಫುಟ್‌ಬಾಲ್ ಇದೆ, ಗುಂಡು ಚೆಂಡು, ಕೈಯಲ್ಲೂ ಹಿಡಿಯಬಹುದು. ಆಸ್ಟ್ರೇಲಿಯಾದವರಿಗೆ ಅವರದೇ ಇನ್ನೊಂದು, ಮೊಟ್ಟೆಯಾಕಾರದ ಚೆಂಡು, ಎದುರಾಳಿಯನ್ನು ಅಪ್ಪಿ ನೆಲಕ್ಕೆ ಕೆಡವಬಹುದು. ಎರಡನ್ನೂ ಬೆರೆಸಿ ಮೂರನೆಯದೊಂದು ಆಟ ಮಾಡಿಕೊಂಡಿದ್ದಾರೆ. ಚೆಂಡು ಐರಿಷರದು, ಕೆಡವುವುದು ಆಸ್ಟ್ರೇಲಿಯಾದವರದು. ಮಸ್ಕತ್ತು, ಸೊಹಾರ್‌ಗಳಲ್ಲಿ ಕೆಲಸಕ್ಕಿದ್ದ ಎರಡೂ ದೇಶದವರು ಸೇರಿ ಚಳಿಗಾಲದಲ್ಲಿ ಈ ಮಿಶ್ರ ಆಟ ಆಡುತ್ತಿದ್ದರು. ಎರಡು ದೇಶ ಇದ್ದವಲ್ಲ, ಹಾಗಾಗಿ ಅದಕ್ಕೆ ಅಂತರರಾಷ್ಟ್ರೀಯ ಸರಣಿ ಎಂದು ದೊಡ್ಡ ಹೆಸರು.

ಆಸ್ಟ್ರೇಲಿಯಾ ತಂಡದ ಕ್ಯಾಪ್ಟನ್ ನಮ್ಮ ಆಫೀಸಿನ ಪ್ರಾಜೆಕ್ಟ್ ಮ್ಯಾನೇಜರ್, ನನ್ನ ಬಾಸ್. ಅವನಿಗೆ 'ಅವರು' ಎಂದು ಬರೆಯುವಷ್ಟು ಮರ್ಯಾದೆ ನನ್ನ ಹತ್ತಿರ ಉಳಿದಿಲ್ಲ, ಕ್ಷಮಿಸಿ. ಒಂದು ದಿನ ನನ್ನ ಮೇಜಿನ ಹತ್ತಿರ ಬಂದು, ನಿಮ್ಮವರಲ್ಲಿ ಯಾರಾದರೂ ಆಟ ಗೊತ್ತಿದ್ದು ಸೀಟಿ ಊದುವವರು ಇದ್ದಾರಾ ಎಂದು ಕೇಳಿದ. ಐರಿಷ್ ರೆಫರಿ ಆದರೆ ಇವರು ಒಪ್ಪುವುದಿಲ್ಲ, ಆಸ್ಟ್ರೇಲಿಯಾದವನಾದರೆ ಅವರು ಒಪ್ಪುವುದಿಲ್ಲ. ನ್ಯೂಟ್ರಲ್ ಬೇಕು. ನಾನು ಮೇಷ್ಟ್ರ ಮನೆ ಬಾಗಿಲು ತಟ್ಟಿದೆ.

ಅವರು ಬಾಸ್ ಕಳಿಸಿದ ವಿಡಿಯೊಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ಎಂತ ಆಟ ಮಾರಾಯ್ರೆ? ಫುಟ್‌ಬಾಲಾ, ಕಬಡ್ಡಿಯಾ?" ಅಂದರು. ಆಮೇಲೆ ಅವರಿಗೇ ಖುಷಿಯಾಯಿತು. ಕಾಲೇಜಿನಲ್ಲಿ ಕಬಡ್ಡಿ ಆಡಿದವರು. ಹಿಡಿಯುವುದು ಬೇರೆ, ಹೊಡೆಯುವುದು ಬೇರೆ, ಇಷ್ಟು ತಿಳಿದರೆ ಈ ಆಟ ತಿಳಿದ ಹಾಗೆ ಎಂದು ಅವರ ತೀರ್ಮಾನ. ಮೈದಾನದಲ್ಲೂ ಅದನ್ನೇ ಕೂಗುತ್ತಿದ್ದರು, "ಹೋಲ್ಡ್, ನೋ ಹಿಟ್! ಹೋಲ್ಡ್, ನೋ ಹಿಟ್!" ಆ ದೈತ್ಯರ ನಡುವೆ ಬಿಳಿ ಟೊಪ್ಪಿ ಹಾಕಿಕೊಂಡ ಗಿಡ್ಡ ಮೇಷ್ಟ್ರು ಓಡುತ್ತಿದ್ದರೆ ನಾವು ಹೆಂಗಸರು ನಗುತ್ತಿದ್ದೆವು. ಆಟಗಾರರೂ ಅವರ ಇಂಗ್ಲಿಷನ್ನು ಅಣಕಿಸುತ್ತಿದ್ದರು. ಅವರಿಗೆ ಬೇಜಾರಿರಲಿಲ್ಲ. "ಅಣಕಿಸ್ಲಿ. ಅಣಕಿಸ್ಲಿಕ್ಕಾದ್ರೂ ಬಾಯಿಪಾಠ ಆಯ್ತಲ್ಲ," ಅನ್ನುತ್ತಿದ್ದರು.

ಒಂದು ಕಾಸು ಮುಟ್ಟುತ್ತಿರಲಿಲ್ಲ. ಸ್ಕೂಲಿನ ವೀಸಾದಲ್ಲಿರುವವನು ಹೊರಗೆ ದುಡಿಯಬಾರದು ಎಂಬ ಹೆದರಿಕೆ ಒಂದು, ಶುಕ್ರವಾರದ ರಜೆಯಲ್ಲಿ ಮನೆಯಲ್ಲಿ ಕೂತು ಏನು ಮಾಡುವುದು ಎಂಬುದು ಇನ್ನೊಂದು.

ಮೊದಲ ಪಂದ್ಯದ ದಿನ ಅಕ್ಕ ಒಂದು ದೊಡ್ಡ ಸ್ಟೀಲ್ ಡಬ್ಬದ ತುಂಬ ಕಿತ್ತಳೆ ಕತ್ತರಿಸಿ ತಂದರು. ಆಡುವವರಿಗೆ ವಿರಾಮದಲ್ಲಿ ಕಿತ್ತಳೆ ಕೊಡಬೇಕು ಎಂದು ಮೇಷ್ಟ್ರು ಹೇಳಿದ್ದರು. ಉಪ್ಪು ಖಾರ ಹಾಕಬೇಡ ಎಂದು ಹೇಳಲು ಮರೆತರು. ಅಕ್ಕನಿಗೆ ಅದಿಲ್ಲದೆ ಹಣ್ಣು ಕೊಡಬಹುದು ಎಂಬುದೇ ತಲೆಗೆ ಹೊಳೆಯಲಿಲ್ಲ. ಮೊದಲ ಹೋಳು ಕಚ್ಚಿದ ಐರಿಷ್ ಆಟಗಾರನೊಬ್ಬ ಕೆಮ್ಮಿ ಕೆಮ್ಮಿ ಟೊಮ್ಯಾಟೊ ಬಣ್ಣಕ್ಕೆ ತಿರುಗಿದ. ಅಕ್ಕ ಗಾಬರಿಯಾಗಿ ಡಬ್ಬದ ಮುಚ್ಚಳ ಹಾಕಿಬಿಟ್ಟರು. ಅಷ್ಟರಲ್ಲಿ ಅವನೇ ಬಂದು ಮುಚ್ಚಳ ತೆಗೆದು ಇನ್ನೆರಡು ಎತ್ತಿಕೊಂಡ. ಆಮೇಲೆ ಆ ಡಬ್ಬ ಇಲ್ಲದೆ ಪಂದ್ಯವೇ ನಡೆಯಲಿಲ್ಲ. ಗುರುವಾರ ಸಂಜೆ ಇಬ್ಬರೂ ರೂವಿಯ ಮಾರ್ಕೆಟ್ಟಿಗೆ ಬಸ್ಸಿನಲ್ಲಿ ಹೋಗಿ ಹಣ್ಣು ಆರಿಸಿ ತರುತ್ತಿದ್ದರು... ಮೆಟ್ಟಿಲು ಹತ್ತುವಾಗ ಚೀಲ ಹೊರುವುದು ಯಾರೆಂದು ಜಗಳ ಆಡುತ್ತಿದ್ದದ್ದು ನಮ್ಮ ಮನೆಗೆ ಕೇಳುತ್ತಿತ್ತು.

ಹೀಗೇ ಎರಡು ಚಳಿಗಾಲ ಚೆನ್ನಾಗಿ ಕಳೆಯಿತು. ಮೂರನೆಯದರಲ್ಲಿ ಎಲ್ಲ ಕೆಟ್ಟಿತು.

ಕೊನೆಯ ಪಂದ್ಯ, ಕೊನೆಯ ಭಾಗ, ಎರಡೂ ಕಡೆ ಸಮಸಮ. ಐರಿಷ್ ತಂಡದ ಒಬ್ಬ ಚೆಂಡು ಒದ್ದು ಕಳಿಸಿಯಾಗಿತ್ತು, ಕೈಯಲ್ಲಿ ಏನೂ ಇರಲಿಲ್ಲ. ನನ್ನ ಬಾಸ್ ಹಿಂದಿನಿಂದ ಓಡಿಬಂದು ಮೊಣಕೈಯಲ್ಲಿ ಅವನ ದವಡೆಗೆ ಹೊಡೆದ. ನಾನು ಬೇಲಿಯ ಪಕ್ಕವೇ ಇದ್ದೆ, ಸದ್ದು ಕೇಳಿಸಿತು. ಹೊಡೆತ ತಿಂದವನು ಬಿದ್ದ. ಹೊಡೆದ ರಭಸಕ್ಕೆ ಬಾಸೂ ಬಿದ್ದ. ಬಿದ್ದಿದ್ದ ಬಾಸ್‌ನ ಪಕ್ಕೆಗೆ ಇನ್ನೊಬ್ಬ ಐರಿಷ್ ಆಟಗಾರ ಬಂದು ಬೂಟಿನಲ್ಲಿ ಒದ್ದ. ಮೇಷ್ಟ್ರು ಸೀಟಿ ಊದಿಕೊಂಡೇ ಅಲ್ಲಿಗೆ ಓಡಿದರು. ಮೊಣಕೈ ಬೀಸಿದವನಿಗೆ ಒಂದು ಕೆಂಪು ಕಾರ್ಡು, ಒದ್ದವನಿಗೆ ಒಂದು. ಇಬ್ಬರೂ ಹೊರಗೆ.

ಇಬ್ಬರೂ ಹೋಗಲಿಲ್ಲ. ರೆಫರಿ ಐರಿಷರ ಕಡೆ ಎಂದು ಆಸ್ಟ್ರೇಲಿಯಾದವರು, ಆಸ್ಟ್ರೇಲಿಯಾದವರ ಕಡೆ ಎಂದು ಐರಿಷರು. ಸುತ್ತ ನಿಂತು ಬೆರಳು ತೋರಿಸಿ ಕೂಗುತ್ತಿದ್ದರು. ಮೇಷ್ಟ್ರು ಕಾರ್ಡು ಹಿಡಿದ ಕೈ ಇಳಿಸಲಿಲ್ಲ. ಕೊನೆಗೆ ಎರಡೂ ತಂಡದವರು ಮೈದಾನ ಬಿಟ್ಟು ನಡೆದರು. ಡಬ್ಬದಲ್ಲಿ ಉಳಿದ ಕಿತ್ತಳೆಯನ್ನು ಅಕ್ಕ ವಾಪಸು ಮನೆಗೆ ತಂದರು.

ಅವತ್ತು ಸಂಜೆ ಎರಡೂ ತಂಡದವರು ಒಂದು ಹೋಟೆಲಿನ ಬಾರಿನಲ್ಲಿ ಒಟ್ಟಿಗೆ ಕೂತು ಕುಡಿದರು. ಬಾಸ್ ವಾರದ ರಜೆ ಮುಗಿದ ಭಾನುವಾರ ಆಫೀಸಿನಲ್ಲಿ ನಗುನಗುತ್ತ ಹೇಳಿದ, ನಮ್ಮ ನಡುವೆ ಏನೂ ಇಲ್ಲ, ಆ ರೆಫರಿಗೆ ಆಟ ಗೊತ್ತಿಲ್ಲ ಅಷ್ಟೇ ಎಂದು. ಮೂರು ವರ್ಷದಲ್ಲಿ ಆ ಎರಡು ದೇಶದವರು ಒಮ್ಮತದಿಂದ ಒಪ್ಪಿಕೊಂಡದ್ದು ಅದೊಂದೇ ಮಾತು.

ಅಷ್ಟಕ್ಕೇ ಬಿಟ್ಟಿದ್ದರೆ ಸಾಕಿತ್ತು. ಸ್ವಲ್ಪ ದಿನದಲ್ಲಿ ಮೇಷ್ಟ್ರ ಸ್ಕೂಲಿಗೆ ದೂರು ಹೋಯಿತು. ನಿಮ್ಮ ಪಿ.ಟಿ. ಸರ್ ಹೊರಗೆ ದುಡ್ಡಿಗೆ ಕೆಲಸ ಮಾಡುತ್ತಾರೆ ಎಂದು. ಯಾರು ಹೇಳಿದರೋ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ. ಗೊತ್ತಿರುವುದು ಇಷ್ಟು. ನಾನು ಬಾಸ್‌ನ ಮುಂದೆ ನಿಂತು, ಒಂದೇ ಒಂದು ಸಾಲು ಬರೆದುಕೊಡಿ ಎಂದೆ. ನಾವೇ ಕರೆದದ್ದು, ದುಡ್ಡು ಕೊಟ್ಟಿಲ್ಲ ಎಂದು. ಅವನು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, ಇದನ್ನು ಇನ್ನೂ ಎಳೆಯುವುದು ಬೇಡ ಎಂದ. ಐರಿಷ್ ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ಅವನೂ ಹೆಚ್ಚುಕಡಿಮೆ ಅದನ್ನೇ ಹೇಳಿದ, ಸ್ವಲ್ಪ ನಯವಾಗಿ.

ಸ್ಕೂಲಿನವರು ಬೈಯಲಿಲ್ಲ, ಗದರಲಿಲ್ಲ. ಕಾಂಟ್ರಾಕ್ಟ್ ಮುಗಿದಾಗ ಮುಂದುವರಿಸಲಿಲ್ಲ, ಅಷ್ಟೇ. ಇಲ್ಲಿ ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಮನೆ ಹೋಯಿತು. ಹೊಸ ಕಫೀಲ್, ಅಂದರೆ ವೀಸಾಕ್ಕೆ ಹೊಣೆ ನಿಲ್ಲುವ ಮಾಲೀಕ, ಯಾರನ್ನಾದರೂ ಹುಡುಕೋಣ ಎಂದು ನನ್ನ ಗಂಡ ಓಡಾಡಿದರು. ಪಿ.ಟಿ. ಮೇಷ್ಟ್ರು ಬೇಕು ಅನ್ನುವವರು ಯಾರು, ಅದೂ ಆ ವಯಸ್ಸಿನಲ್ಲಿ? ಕೊನೆಗೆ ಮೇಷ್ಟ್ರೇ, "ಖಲಾಸ್ ಮಾರಾಯ್ರೆ, ಬಿಡಿ," ಅಂದರು.

ಏರ್‌ಪೋರ್ಟಿಗೆ ನಾವೇ ಬಿಟ್ಟು ಬಂದೆವು. ಅಕ್ಕ ನನ್ನ ಕೈ ಹಿಡಿದುಕೊಂಡು ಸುಮ್ಮನೆ ಅಳುತ್ತಿದ್ದರು. ಮೇಷ್ಟ್ರು ಟ್ರಾಲಿಯನ್ನು ಹಿಂದೆ ಮುಂದೆ ತಳ್ಳುತ್ತ ನಿಂತಿದ್ದವರು ಒಮ್ಮೆಲೇ ಕೇಳಿದರು, "ನೀವು ಬೇಲಿ ಹತ್ರ ಇದ್ರಲ್ಲ. ನಾನು ವಿಸಿಲ್ ಊದಿದ್ದು ತಪ್ಪಾ?"

"ಇಲ್ಲ ಮೇಷ್ಟ್ರೇ. ನಾನೇ ನೋಡಿದೀನಿ, ಇಬ್ರೂ ಹೊಡೆದ್ರು."

"ಅದನ್ನು ಅವರು ಒಂದ್ಸಲ ಹೇಳಿದ್ರೆ ಸಾಕಿತ್ತು," ಅಂದರು. ಅವತ್ತೊಂದು ದಿನ ಮಾತ್ರ ನನ್ನನ್ನು ತಿದ್ದಲಿಲ್ಲ.

ಊರಿಗೆ ಹೋದ ಮೇಲೂ ಫೋನಿನಲ್ಲಿ ಸಿಗುತ್ತಿದ್ದರು. ಪ್ರತಿ ಸಲ ಕೊನೆಯಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತಿತ್ತು, ಆಟ ಪುನಃ ಶುರು ಆಯ್ತಾ ಎಂದು. ಇಲ್ಲ ಅನ್ನುತ್ತಿದ್ದೆ. ನಿಜವೇ. ಆ ಪಂದ್ಯದ ನಂತರ ಸರಣಿ ನಿಂತೇಹೋಗಿತ್ತು, ಕೆಲವರು ದೇಶ ಬಿಟ್ಟಿದ್ದರು, ಉಳಿದವರಿಗೆ ಉಮೇದಿರಲಿಲ್ಲ. "ಶುರು ಆಗ್ತದೆ ನೋಡಿ," ಅನ್ನುತ್ತಿದ್ದರು ಮೇಷ್ಟ್ರು. "ಅವರಿಗೆ ನ್ಯೂಟ್ರಲ್ ಬೇಕೇ ಬೇಕಲ್ಲ. ಆಗ ಕರೀತಾರೆ." ಅದಕ್ಕೆಂದೇ ದಿನಾ ಬೆಳಿಗ್ಗೆ ಊರಿನ ಶಾಲೆಯ ಮೈದಾನಕ್ಕೆ ಸುತ್ತು ಹಾಕುತ್ತಿದ್ದರಂತೆ. ಮಂಡಿ ನೋವು, ಸಕ್ಕರೆ ಕಾಯಿಲೆ ಎಲ್ಲ ಇದ್ದರೂ ಬಿಡಲಿಲ್ಲ. ಓಡಲು ಆಗದವನನ್ನು ರೆಫರಿ ಮಾಡುತ್ತಾರಾ ಎಂದು ಅಕ್ಕನಿಗೇ ತಿರುಗಿಸಿ ಕೇಳುತ್ತಿದ್ದರಂತೆ. ಹೋದ ವರ್ಷದ ಹಿಂದಿನ ವರ್ಷ ಅಕ್ಕನ ನಂಬರಿನಿಂದ ಫೋನ್ ಬಂತು. ಅವರ ಮಗ ಮಾತಾಡಿದ... ಮುಂದಿನದು ಬರೆಯಲು ಇಷ್ಟವಿಲ್ಲ.

ಈಗ ಸರಣಿಗೆ ಮರುಜೀವ ಬಂದಿದೆ. ಹೊಸ ಹುಡುಗರು, ಹೊಸ ಅಂಗಿ, ದೊಡ್ಡ ಬ್ಯಾನರು. ಸೀಟಿ ಊದಲು ಹೊರದೇಶದಿಂದ ಇಬ್ಬರನ್ನು ಕರೆಸಿದ್ದರು. ಕಪ್ ಕೊಡಲು ಬಂದ ಅತಿಥಿ ಯಾರು ಅಂದುಕೊಂಡಿರಿ? ನನ್ನ ಹಳೇ ಬಾಸ್. ಕೂದಲು ಪೂರ್ತಿ ಬೆಳ್ಳಗಾಗಿದೆ, ಮೊಣಕೈ ಎರಡೂ ಗಟ್ಟಿಮುಟ್ಟಾಗಿವೆ. ಮೈಕಿನಲ್ಲಿ ಹಳೇ ದಿನಗಳ ಬಗ್ಗೆ ಮಾತಾಡಿದ. ಸ್ನೇಹ, ಸೋದರತ್ವ, ಖಾರದ ಕಿತ್ತಳೆ. ಸರಣಿ ನಿಂತದ್ದು ಯಾಕೆಂದರೆ ಆಗ ಸರಿಯಾದ ರೆಫರಿಗಳು ಸಿಗುತ್ತಿರಲಿಲ್ಲ ಎಂದ. ಜನ ಚಪ್ಪಾಳೆ ತಟ್ಟಿದರು.

ನಾನು ತಟ್ಟೆ ಹಿಡಿದುಕೊಂಡೇ ಅವನ ಹತ್ತಿರ ಹೋದೆ. ಗುರುತು ಹಿಡಿದ, ಕೈ ಚಾಚಿದ. ನಾನು ಕೈ ಕೊಡದೆ ಕೇಳಿದೆ, "ಸರ್, ನೀವು ಅವತ್ತು ಮೊಣಕೈಯಲ್ಲಿ ಹೊಡೆದದ್ದು ಹೌದೋ ಅಲ್ಲವೋ?"

ಅವನು ನಕ್ಕ. "ಹೊಡೆದೆ ಬಿಡಿ," ಎಂದ. "ಎಷ್ಟು ವರ್ಷ ಆಯ್ತು ಅದೆಲ್ಲ!" ಪಕ್ಕದಲ್ಲಿದ್ದವರೂ ನಕ್ಕರು.

ಎಷ್ಟು ಸಲೀಸಾಗಿ ಹೇಳಿಬಿಟ್ಟ. ಒಬ್ಬ ಮನುಷ್ಯ ಈ ಒಂದು ಮಾತಿಗಾಗಿ ಉಡುಪಿಯ ಆಚೆ ಯಾವುದೋ ಶಾಲೆಯ ಮೈದಾನವನ್ನು ನೋಯುವ ಮಂಡಿಯಲ್ಲಿ ಸುತ್ತಿ ಸುತ್ತಿ ಸತ್ತ. ಇವನ ಬಾಯಲ್ಲಿ ಅದು ಜೋಕು. ನನಗೆ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ಅವನ ಮುಂದಿದ್ದ ಮೇಜಿನ ಮೇಲೆ, ಕಪ್ಪಿನ ಪಕ್ಕ, ಆ ತಟ್ಟೆ ಇಟ್ಟು ಬಂದೆ.

ಮೇಷ್ಟ್ರ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಮರೆತದ್ದಲ್ಲ. ಆ ಮೈಕಿನಲ್ಲಿ ಸರಣಿಯವರೇ ಹೇಳಬೇಕಿತ್ತು, ಅವರು ಹೇಳುವವರೆಗೆ ನಾನು ಹೇಳುವುದಿಲ್ಲ ಎಂಬ ಹಠ.

ಮನೆಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. ಪುನಃ ಶುರುವಾಯಿತು ಅಂದೆ. ಅವರು ಮೊದಲು ಕೇಳಿದ್ದು ಇದು.

"ಇವರ ಹೆಸರು ಹೇಳಿದ್ರಾ?"

ಹೂಂ ಅನ್ನಬಹುದಿತ್ತು. ಆ ವಯಸ್ಸಾದ ಹೆಂಗಸಿಗೆ ಅಷ್ಟು ಸುಳ್ಳಾದರೂ ಹೇಳಬಹುದಿತ್ತು. ಆದರೆ ಮೇಷ್ಟ್ರು ನಡೆಯದೇ ಇದ್ದದ್ದಕ್ಕೆ ಒಂದು ಸಲವೂ ಸೀಟಿ ಊದಿದವರಲ್ಲ.

"ಇಲ್ಲ ಅಕ್ಕ, ಹೇಳ್ಲಿಲ್ಲ."

"ಕಿತ್ತಳೆ ಕೊಟ್ರಾ?"

"ಕೊಟ್ರು. ಉಪ್ಪು ಖಾರ ಹಾಕಿ."

"ನೀನು ತಿಂದ್ಯಾ?"

"ಇಲ್ಲ."

"ಒಳ್ಳೆದು ಮಾಡಿದೆ," ಅಂದರು ಅಕ್ಕ. ಮತ್ತೆ, ಫೋನಿನಿಂದ ದೂರ ಸರಿದ ದನಿಯಲ್ಲಿ, "ಆಟ ಶುರು ಆಯ್ತಂತೆ, ಕೇಳಿದ್ರಾ?" ಅಂದರು. ಅದು ನನಗೆ ಹೇಳಿದ್ದಲ್ಲ. ಆ ಕಡೆ ಕೋಣೆಯಲ್ಲಿ ಮೇಷ್ಟ್ರ ಫೋಟೊ ಇದೆ.