ಆಳಂದದ ಎಣ್ಣೆ ಗಿರಣಿಯಲ್ಲಿ ಪಂಕ್ ಹಾಡು

ಜೇವರ್ಗಿಯಿಂದ ಬೆಳಗಿನ ಬಸ್ಸು ಹಿಡಿದು ಅಫಜಲಪುರ ಮುಟ್ಟುವಷ್ಟರಲ್ಲಿ ನನ್ನ ಸೊಂಟ ಕೈಕೊಟ್ಟಿತ್ತು. ಟಿಕೆಟ್ ದರ ಆ ಬೇಸಿಗೆಯಲ್ಲಿ ಮತ್ತೆ ಏರಿತ್ತು, ಸೀಟು ಮಾತ್ರ ಹಳೆಯದೇ. ಕರಜಗಿಯಿಂದ ಬಂದ ಅಕ್ಕನ ಗಂಡ ಶರಣಪ್ಪ ಮಾವ ನಿಲ್ದಾಣದಲ್ಲಿ ಕಾಯುತ್ತಿದ್ದರು. ನಾವಿಬ್ಬರೂ ಆಳಂದಕ್ಕೆ ಹೋಗಿ ಅವರ ಮಗ ಬಸುವನ್ನು ಕರೆತರಬೇಕಿತ್ತು.

ಬಸು ಸೊಲ್ಲಾಪುರದಲ್ಲಿ ಇಂಜಿನಿಯರಿಂಗ್ ಓದು ಬಿಟ್ಟು, ಗೆಳೆಯರ ಜೊತೆ ಪಂಕ್ ರಾಕ್ ಎಂಬ ವಿದೇಶಿ ಅಬ್ಬರದ ಹಾಡಿನ ಗುಂಪು ಕಟ್ಟಿದ್ದ. ಆ ದಿನ ಆಳಂದದಲ್ಲಿ, ಅವರಲ್ಲೊಬ್ಬನ ಮನೆಯವರ ಎಣ್ಣೆ ಗಿರಣಿಯಲ್ಲಿ, ಅವರ ಕಾರ್ಯಕ್ರಮ. ಮಗನನ್ನು ಬಿಟ್ಟು ಬರಬೇಡಿ ಎಂದು ಅಕ್ಕ ಹೇಳಿ ಕಳಿಸಿದ್ದಳು. ಕರೆತಂದು ತಮ್ಮ ಗೊಬ್ಬರದ ಅಂಗಡಿಯಲ್ಲಿ ಕೂರಿಸುವುದೆಂದು ಮಾವ ಗಟ್ಟಿ ಮನಸ್ಸು ಮಾಡಿದ್ದರು. ನಾನು ಮಾಸ್ತರನಾದ್ದರಿಂದ ಬುದ್ಧಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಶಾಲೆಯಲ್ಲಿ ವರ್ಷವಿಡೀ ಅದನ್ನೇ ಮಾಡಿ ಸಾಕಾಗಿತ್ತು.

ದಾರಿಯುದ್ದಕ್ಕೂ ಬಿಸಿ ಗಾಳಿ. ಕಿಟಕಿ ಮುಚ್ಚಿದರೆ ಉಸಿರು ಕಟ್ಟುತ್ತಿತ್ತು, ತೆರೆದರೆ ಬಾಯಿಗೆಲ್ಲ ಮಣ್ಣು. ಆಳಂದದಲ್ಲಿ ಇಳಿದು ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿಂದೆವು. ಮಾವ ಅರ್ಧಕ್ಕೇ ತಟ್ಟೆ ಸರಿಸಿದರು.

ಕರೆಂಟ್ ಇರುವ ಹೊತ್ತು ನೋಡಿ ಮಧ್ಯಾಹ್ನವೇ ಹಾಡು ಇಟ್ಟುಕೊಂಡಿದ್ದರು. ಶೇಂಗಾ ಚೀಲಗಳ ಮೇಲೆ ಕಾಲೇಜು ಹುಡುಗರು, ಗಿರಣಿಯ ಹಮಾಲರು ಕೂತಿದ್ದರು. ಬಸು ಮೈಕ್ ಹಿಡಿದ. ಗಿಟಾರಿನ ಅಬ್ಬರಕ್ಕೆ ತಗಡಿನ ಮಾಡು ನಡುಗಿತು. ಹಾಡೋ ಜಗಳವೋ ನನಗೆ ತಿಳಿಯಲಿಲ್ಲ. ಕಿವಿಗೆ ಸಿಕ್ಕಿದ್ದು 'ನಾ ಬರಂಗಿಲ್ಲ' ಎಂಬುದೊಂದೇ.

ನಮ್ಮ ಕಡೆ ಬಯಲಾಟದಲ್ಲಿ ಪಾತ್ರಧಾರಿಯನ್ನು ಮೆಚ್ಚಿದವರು ಆಟವನ್ನು ನಡುವೆಯೇ ನಿಲ್ಲಿಸಿ, ರಂಗಕ್ಕೆ ಹತ್ತಿ, ಬಟ್ಟೆ ಹೊದಿಸಿ ಆಯೇರಿ ಮಾಡುತ್ತಾರೆ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಹೇಳಬೇಕು. ಹಾಗೆ ಆಯೇರಿ ಮಾಡಿದವರಿಗೆ ಆಮೇಲೆ ಆ ಕಸುಬನ್ನು ಹಳಿಯಲು, ಬಿಡಿಸಲು ಬಾಯಿ ಇರುವುದಿಲ್ಲ. ಇಲ್ಲಿಯೂ ಹಮಾಲ ಮುದುಕನೊಬ್ಬ ಟಾವೆಲ್ಲು ಹಿಡಿದು ಎದ್ದ. ಹಾಡು ಎಷ್ಟು ಚಿಕ್ಕದೆಂದರೆ, ಅವನು ಮುಂದೆ ಬರುವಷ್ಟರಲ್ಲಿ ಮುಗಿದೇ ಹೋಗಿತ್ತು. ಮತ್ತೆ ಶುರು ಮಾಡ್ರಿ, ನಡುವೆ ನಿಲ್ಲಿಸಬೇಕು ಎಂದು ಮುದುಕ ಹಟ ಹಿಡಿದ. ಡ್ರಮ್ಮಿನ ಹುಡುಗ ಕಕ್ಕಾಬಿಕ್ಕಿಯಾದ. ಬಸು ಮಾತ್ರ ನಗದೆ ಮತ್ತೆ ಹಾಡಿ, ನಡುವೆ ನಿಲ್ಲಿಸಿ, ತಲೆಬಾಗಿ ಟಾವೆಲ್ಲು ಹೊದಿಸಿಕೊಂಡು ಮುದುಕನ ಹೆಸರು ಹೇಳಿದ. ಅಷ್ಟು ದಣಿದಿದ್ದರೂ ನನಗೆ ಅವನ ಮೇಲೆ ಪ್ರೀತಿ ಉಕ್ಕಿತು.

ಮುಂದಿನ ಹಾಡಿಗೆ ಮಾವ ಎದ್ದರು. ಅಪ್ಪನನ್ನು ಕಂಡು ಬಸುವಿನ ದನಿ ನಿಂತಿತು. ಎಳೆದೊಯ್ಯಲು ಬಂದರೆಂದು ಮೈಕಿನ ಕೋಲು ಬಿಗಿಯಾಗಿ ಹಿಡಿದ. ನಾನೂ ಹಾಗೇ ಅಂದುಕೊಂಡೆ. ಮಾವ ತಮ್ಮ ತಲೆಯ ರುಮಾಲು ಬಿಚ್ಚಿ ಮಗನ ಹೆಗಲಿಗೆ ಹಾಕಿದರು.

"ಕರಜಗಿ ಶರಣಪ್ಪ ಅಂತ ಹೇಳು. ಅಪ್ಪ ಅನಬ್ಯಾಡ," ಎಂದರು. "ಹಾಡು ಮುಗಸು."

ಬಸು ಹೆಸರು ಹೇಳಿದ. ಉಳಿದ ಹಾಡನ್ನು ಒಡೆದ ದನಿಯಲ್ಲೇ ಮುಗಿಸಿದ.

ವಾಪಸ್ಸು ಬರುವಾಗ ಹಾಡು ಹಿಡಿಸಿತೇ ಎಂದು ಕೇಳಿದೆ. ಒಂದಕ್ಷರ ತಿಳಿಯಲಿಲ್ಲ ಎಂದು ಮಾವ ಕಣ್ಣು ಮುಚ್ಚಿದರು.

ದೀಪ ಹಚ್ಚುವ ಹೊತ್ತಿಗೆ ಕರಜಗಿ ಸೇರಿದೆವು. ಅಕ್ಕ ಬಾಗಿಲಲ್ಲೇ ನಿಂತು ನಮ್ಮ ಹಿಂದೆ ನೋಡಿದಳು.

"ಬಸು ಎಲ್ರಿ?"

ಮಾವ ಕಟ್ಟೆಯ ಮೇಲೆ ಕುಸಿದು ಕೂತರು. "ಇನ್ನ ಅವನ್ನ ಕರ್ಯಾಕ ಬರಂಗಿಲ್ಲ," ಎಂದರು. "ಆಯೇರಿ ಮಾಡಿ ಬಂದೇನಿ."