ಮೂರನೇ ಕವಲಿನ ಸೊಪ್ಪು

ಗುಡ್ಡದಲ್ಲಿ ನನ್ನ ಹೆಂಡತಿ ಯಾವತ್ತೂ ನನ್ನ ಮುಂದೆಯೇ ನಡೆದಳು. ಸಂತೆಗೋ ಮದುವೆಗೋ ಹೋಗುವಾಗ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದವಳು, ನಿಪ್ಪಾಣಿ ದಾಟಿ ಮಣ್ಣು ಕೆಂಪಾಗುತ್ತಿದ್ದಂತೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹೊರಟುಬಿಡುತ್ತಿದ್ದಳು. ಆಮೇಲೆ ಅವಳ ಬೆನ್ನು ಕಂಡರೆ ಪುಣ್ಯ. ನಾನು ಶಿರಗುಪ್ಪಿಯ ಕಬ್ಬಿನ ಹೊಲಗಳ ನಡುವೆ ಬೆಳೆದವನು. ನಮ್ಮ ಕಡೆ ಎತ್ತರ ಅಂದರೆ ಕಬ್ಬು ಹೇರಿದ ಟ್ರ್ಯಾಕ್ಟರ್, ಅಷ್ಟೇ. ಏರು ಹತ್ತುವಾಗ ನನಗೆ ಉಸಿರಿಗಿಂತ ಮೊದಲು ಸಿಟ್ಟು ಬರುತ್ತಿತ್ತು. ಸ್ವಲ್ಪ ನಿಲ್ಲೇ ಅಂತ ಕೂಗಿದರೆ ಮೇಲಿನಿಂದ ನಗು ಕೇಳುತ್ತಿತ್ತು, ಆಕೆ ಮಾತ್ರ ನಿಲ್ಲುತ್ತಿರಲಿಲ್ಲ.

ಆಕೆ ಕುರಿ ಕಾಯುವ ಮನೆಯವಳು, ತವರು ರಾಯಬಾಗದ ಕಡೆ. ಕಬ್ಬು ಕಡಿದು ಹೊಲ ಖಾಲಿಯಾದಾಗ ಅವಳ ಅಪ್ಪ ತನ್ನ ಹಿಂಡನ್ನು ನಮ್ಮ ಹೊಲದಲ್ಲಿ ಕೂಡಿಸಲು ಬರುತ್ತಿದ್ದ. ರಾತ್ರಿ ಕುರಿ ಮಲಗಿದ ಹೊಲಕ್ಕೆ ಬೇರೆ ಗೊಬ್ಬರ ಬೇಕಿಲ್ಲ. ಹಾಗೆ ಬಂದವರ ಮಗಳನ್ನು ನಾನು ಮೆಚ್ಚಿ ಮದುವೆಯಾದದ್ದಕ್ಕೆ ಎರಡೂ ಮನೆಯವರು ಬಹಳ ಕಾಲ ಮುಖ ಉಬ್ಬಿಸಿಕೊಂಡಿದ್ದರು. ಮುಂದೆ ನನಗೆ ನಿಪ್ಪಾಣಿಯಲ್ಲಿ ಹೈಸ್ಕೂಲು ಮಾಸ್ತರಿಕೆ ಸಿಕ್ಕಿತು. ಬಾಡಿಗೆ ಮನೆಯ ಮಾಳಿಗೆಯ ಮೇಲೆ ನಿಂತರೆ ಗುಡ್ಡದ ಸಾಲು ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಆಕೆ ಆ ಊರನ್ನು ಒಪ್ಪಿಕೊಂಡಳು.

ಅವಳ ಅಪ್ಪನ ಹಿಂಡು ಹಿಂದೆ ನಡೆಯುತ್ತಿದ್ದ ಹಾದಿಯೊಂದು ಅಲ್ಲಿತ್ತು. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಹೊಕ್ಕು, ನೀರು ಕೊರೆದ ಕೆಂಪು ಬಂಡೆಗಳ ಸಂದಿಯಲ್ಲಿ ಏರಿ, ಆಚೆ ಡಾಂಬರು ರಸ್ತೆಗೆ ಇಳಿಯುವ ಹಾದಿ. ಕೆಂಗೊಳ್ಳ ಅಂತ ಆಕೆಯ ಮನೆಯವರು ಕರೆಯುತ್ತಿದ್ದರು. ಬಂಡೆಗೆ ಕೈ ಇಟ್ಟರೆ ಅಂಗೈ ಕುಂಕುಮ ಮುಟ್ಟಿದಂತೆ ಆಗುತ್ತಿತ್ತು. ಮಳೆ ಹಿಂದಾದ ಮೇಲೆ, ಜೊತೆಯ ಮಾಸ್ತರರು ಎಲ್ಲಿಗಾದರೂ ದೇವರಿಗೆ ಹೋಗುವ ರಜೆಯಲ್ಲಿ, ನಾವಿಬ್ಬರೂ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದೆವು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಇದಕ್ಕಾಗಿ ಇಷ್ಟು ದೂರ ಬರಬೇಕೇ ಅಂತ ನಾನು ಪ್ರತಿ ಸಲ ಗೊಣಗಿದೆ, ಪ್ರತಿ ಸಲ ಹೋದೆ.

ಕುರಿಯವರ ನಡಿಗೆಗೆ ಒಂದು ರೀತಿ ಇದೆ. ಹೆಂಗಸರು ಕುದುರೆಯ ಮೇಲೆ ಪಾತ್ರೆ, ಕಂಬಳಿ, ಎಳೆಮರಿ ಹೇರಿಕೊಂಡು ಮುಂದೆ ಹೋಗಿ, ನೀರಿರುವ ಕಡೆ ಒಲೆ ಹೂಡುತ್ತಾರೆ. ಗಂಡಸರು ಹಿಂಡನ್ನು ಮೇಯಿಸುತ್ತ ಸಾವಕಾಶ ಹಿಂದೆ ಬರುತ್ತಾರೆ. ಹಾದಿ ಕವಲೊಡೆಯುವಲ್ಲಿ ಮುಂದಿನವಳು ಬಂದರಿಕೆ ಗಿಡದ ಒಂದು ಟೊಂಗೆ ಮುರಿದು, ತಾನು ಹೋದ ಕಡೆಗೆ ತುದಿ ಮಾಡಿ ನೆಲಕ್ಕಿಟ್ಟು, ಬುಡದ ಮೇಲೆ ಒಂದು ಕಲ್ಲು ಹೇರಿ ಹೋಗುತ್ತಾಳೆ. ಬಂದರಿಕೆಯೇ ಯಾಕೆ ಅಂದರೆ ಅದನ್ನು ಕುರಿ ಆಡು ಬಾಯಿಗೆ ಹಾಕುವುದಿಲ್ಲ. ಹಿಂದೆ ಬಂದವನು ಗುರುತು ನೋಡಿಕೊಂಡು, ಟೊಂಗೆಯನ್ನು ಎತ್ತಿ ಪೊದೆಗೆ ಒಗೆದು ಮುಂದೆ ಸಾಗಬೇಕು. ಒಗೆಯದೆ ಬಿಟ್ಟರೆ ನಾಳೆ ಬರುವ ಇನ್ನೊಬ್ಬರ ಹಿಂಡು ತಪ್ಪು ಕಣಿವೆಗೆ ಹೋಗುತ್ತದೆ.

ನಮ್ಮಲ್ಲಿ ಕುದುರೆಯೂ ಇರಲಿಲ್ಲ, ಹಿಂಡೂ ಇರಲಿಲ್ಲ. ನಾನೊಬ್ಬನೇ ಅವಳ ಹಿಂಡು. ಆದರೂ ಆಕೆ ಒಂದು ಕವಲಿನಲ್ಲೂ ಸೊಪ್ಪು, ಅವಳ ಮಾತಲ್ಲಿ ತಪ್ಪಲ, ಇಡದೆ ಹೋದವಳಲ್ಲ. ಮೊದಲ ಸಲ ಹೋದಾಗ ನನಗೆ ರೀತಿ ಗೊತ್ತಿಲ್ಲದೆ ಟೊಂಗೆಗಳನ್ನು ಇದ್ದಲ್ಲೇ ಬಿಟ್ಟು ಬಂದಿದ್ದೆ. ಬುತ್ತಿ ಬಿಚ್ಚುವ ಮೊದಲು ಆಕೆ ಕೇಳಿದ್ದು ಅದನ್ನೇ. ಇಲ್ಲ ಅಂದಾಗ ರೊಟ್ಟಿ ಕೊಡದೆ, ವಾಪಸ್ ಕಳಿಸಿ, ಎಲ್ಲವನ್ನೂ ಒಗೆಸಿದಳು. ಅಂದಿನಿಂದ ಅದು ನನ್ನ ಕೆಲಸವಾಯಿತು. ಕವಲು ಬಂತು, ನೋಡು, ಬಗ್ಗು, ಒಗೆ, ನಡೆ. ಕೈಗೆ ಎಷ್ಟು ರೂಢಿಯಾಯಿತೆಂದರೆ ಆಮೇಲೆ ಟೊಂಗೆಯ ಕಡೆ ಸರಿಯಾಗಿ ಕಣ್ಣು ಹಾಯಿಸುತ್ತಲೂ ಇರಲಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಆ ಕೊಳ್ಳಕ್ಕೆ ಟ್ರೆಕ್ಕಿಂಗ್‌ನವರು ಬರತೊಡಗಿದರು. ಬಣ್ಣದ ಬೂಟು, ಬೆನ್ನಿಗೆ ಚೀಲ, ಕೈಯಲ್ಲಿ ಕೋಲು, ಮಾತು ಅರ್ಧ ಮರಾಠಿ. ಅವರಲ್ಲಿ ಯಾರೋ ಬಂಡೆಗಳ ಮೇಲೆ ಬಿಳಿ ಬಣ್ಣದ ಬಾಣಗಳನ್ನು ಬರೆದಿದ್ದರು. ನನಗೆ ಖುಷಿಯಾಯಿತು. ಇನ್ನು ನಿನ್ನ ಸೊಪ್ಪಿನ ಸೊಕ್ಕು ಮುರಿಯಿತು ನೋಡು, ಬಾಣ ನೋಡಿಕೊಂಡು ಬರುತ್ತೇನೆ ಅಂತ ಛೇಡಿಸಿದೆ. ಆಕೆ ಬಾಣದ ಮುಂದೆಯೇ ಕುಕ್ಕರಗಾಲಲ್ಲಿ ಕೂತು ಟೊಂಗೆ ಇಟ್ಟು, ಕಲ್ಲು ಹೇರಿ, ಕೈ ಝಾಡಿಸಿಕೊಂಡು ಎದ್ದಳು.

"ಆ ಬಾಣ ಊರ ಮಂದಿಗೆಲ್ಲಾ ರಿ," ಅಂದಳು. "ಈ ತಪ್ಪಲ ನಿಮಗೊಬ್ಬರಿಗೆ."

ನಾನು ಏನೋ ನಕ್ಕೆ. 

ಅವಳಿಗೆ ಕೆಮ್ಮು ಹತ್ತಿದ್ದು ಒಂದು ಚಳಿಗಾಲ. ಮೀರಜದ ದವಾಖಾನೆಗೆ ಓಡಾಡಿದೆವು. ನಮ್ಮ ಕಡೆಯವರು ದೊಡ್ಡ ಬೇನೆಗೆಲ್ಲ ಹೋಗುವುದು ಅಲ್ಲಿಗೇ. ಬೇಸಿಗೆ ಹೋಯಿತು, ಮಳೆ ಹೋಯಿತು. ಕೊನೆಗೆ ಡಾಕ್ಟರರು ಆಕೆಯನ್ನು ಹೊರಗೆ ಕೂಡಿಸಿ ನನ್ನೊಬ್ಬನಿಗೇ ಹೇಳಿದರು. ನಾನು ಹೊರಗೆ ಬಂದು, ಗುಳಿಗೆ ಬದಲು ಮಾಡಿದ್ದಾರೆ ಅಂದೆ. ಆಕೆ ನನ್ನ ಮುಖ ನೋಡಿ, ಹಂಗಾದ್ರ ಈ ವರ್ಷ ಕೊಳ್ಳಕ್ಕ ಲಗೂನ ಹೋಗಿ ಬರೂಣು ಅಂದಳು. ಬಸ್ ನಿಲ್ದಾಣದಲ್ಲಿ ಇಬ್ಬರೂ ಚಹಾ ಕುಡಿದೆವು. ಅವಳಿಗೆ ಗೊತ್ತಾಗಿದೆ ಅಂತ ನನಗೆ ಗೊತ್ತಾಯಿತು.

ಬೇಡ ಅಂತ ನಾನು ಜಗಳವಾಡಿದೆ. ಆಕೆ ಜಗಳವಾಡಲಿಲ್ಲ, ರೊಟ್ಟಿ ಬಡಿದಳು. ಮೊದಲ ಕವಲಿನವರೆಗೆ ಜೊತೆಯಲ್ಲೇ ನಡೆಯೋಣ ಅಂದರೂ ಕೇಳಲಿಲ್ಲ. ಹಿಂದೆ ನಿಂತು ಬರ್ರಿ, ನೀವು ಬಾಜೂಕ ಬಂದ್ರ ನನಗ ನಡಿಗಿ ಬರೂದಿಲ್ಲ ಅಂದಳು. ಸೊರಗಿದ ಬೆನ್ನು ಬಂಡೆಗಳ ನಡುವೆ ಹೊಕ್ಕಿತು. ಮೊದಲ ಕವಲಿನ ಸೊಪ್ಪು ಎತ್ತಿ ಒಗೆದೆ. ಎರಡನೆಯದನ್ನೂ ಒಗೆದೆ. ಅದಾದ ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೆಮ್ಮು ಕೇಳಿಸಿತು. ನಿಂತಲ್ಲೇ ಕೆಮ್ಮಿ ಮುಗಿಸುವ ಕೆಮ್ಮಲ್ಲ, ಬಗ್ಗಿಸಿ ಕೂಡಿಸುವ ಕೆಮ್ಮು. ನಾನು ಹಾದಿ ಬಿಟ್ಟು ನೇರ ಪೊದೆಯೊಳಗೆ ನುಗ್ಗಿ, ಕೈಕಾಲು ಗೀರಿಸಿಕೊಂಡು ಏರು ಹತ್ತಿದೆ. ಆಕೆ ಒಂದು ಚಪ್ಪಟೆ ಬಂಡೆಯ ಮೇಲೆ ಕೂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ರಟ್ಟೆ ಹಿಡಿದು ಆಚೆಯ ಇಳಿಜಾರಿನಿಂದ ಡಾಂಬರು ರಸ್ತೆಗೆ ಇಳಿಸಿದೆ. ತಂಬಾಕು ಒಯ್ಯುತ್ತಿದ್ದ ಒಂದು ಟೆಂಪೋದವನು ಹತ್ತಿಸಿಕೊಂಡ. ತಂಬಾಕಿನ ಘಾಟಿಗೆ ಕೆಮ್ಮು ಇನ್ನೂ ಜೋರಾಯಿತು. ಅದು ನಿಂತ ಮೇಲೆ ಆಕೆ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಮೂರನೇ ಕವಲಿಂದು ಒಗದ್ರಿ?"

ಆ ಕಡೆಯಿಂದ ಬರಲೇ ಇಲ್ಲ ಅಂದೆ.

"ಇರ್ಲಿ ಬಿಡ್ರಿ. ಮತ್ತೊಮ್ಮೆ ಬಂದಾಗ ನೆನಪಿಟ್ಟು ಒಗೀರಿ."

ದೀಪಾವಳಿ ಬರುವುದರೊಳಗೆ ಆಕೆ ಹೋದಳು.

ಹೋದ ಮೇಲೆ ಮನೆಯಲ್ಲಿ ಉಳಿದದ್ದೆಲ್ಲ ಎಲ್ಲರಿಗೂ ಸೇರಿದ್ದು. ಸೀರೆಗಳನ್ನು ಅವಳ ಅಕ್ಕತಂಗಿಯರು ಒಯ್ದರು, ಒಯ್ಯಬೇಕಾದದ್ದೇ. ಫೋಟೋದಲ್ಲಿ ಆಕೆ ಫೋಟೋ ತೆಗೆದವನನ್ನು ನೋಡುತ್ತಿದ್ದಾಳೆ. ಓದು ಬರಹ ಅವಳಿಗೆ ಅಷ್ಟಕ್ಕಷ್ಟೇ, ನನಗೆಂದು ಒಂದು ಸಾಲು ಬರೆದವಳಲ್ಲ. ನನಗೆಂದು ಆಕೆ ಇಟ್ಟದ್ದು ಆ ಟೊಂಗೆಗಳನ್ನು ಮಾತ್ರ, ಅವನ್ನೆಲ್ಲ ನಾನೇ ನನ್ನ ಕೈಯಾರೆ ಪೊದೆಗೆ ಒಗೆದಿದ್ದೆ. ಒಂದನ್ನು ಬಿಟ್ಟು. ಈ ಲೆಕ್ಕ ಹೊಳೆದ ದಿನ ನಾನು ಅಡುಗೆಮನೆಯಲ್ಲಿ ನಿಂತಲ್ಲೇ ಅತ್ತೆ. ಅದು ನನಗೆ ಬೇಕಿತ್ತು. ಒಗೆಯುವುದಕ್ಕಲ್ಲ, ಮನೆಗೆ ತರುವುದಕ್ಕೆ. ಒಣಗಿ ಕಡ್ಡಿಯಾಗಿದ್ದರೂ ಸರಿ.

ತಿಂಗಳ ಕಾರ್ಯ ಮುಗಿಯುವ ತನಕ ಬಂಧುಗಳು ಬಿಡಲಿಲ್ಲ. ಆಮೇಲೆ ಮಂಡಿ ಊದಿಕೊಂಡಿತು. ಅಂತೂ ಚಳಿ ಇಳಿಯುವ ಹೊತ್ತಿಗೆ ಒಂದು ಮುಂಜಾನೆ ಹೊರಟೆ. ಆ ಕೊಳ್ಳದಲ್ಲಿ ನಾನು ಒಬ್ಬನೇ ನಡೆದದ್ದು ಅದೇ ಮೊದಲು. ಮೊದಲ ಕವಲಿನಲ್ಲಿ ನೆಲ ಬರಿದಾಗಿತ್ತು, ಎರಡನೆಯದರಲ್ಲೂ. ಹಾದಿ ಗೊತ್ತಿದ್ದರೂ ಎರಡೂ ಕಡೆ ನಿಂತೆ. ಗಾಳಿಗೆ ಹಾರಿರುವುದಿಲ್ಲ, ಕಲ್ಲು ಇದೆ, ಕುರಿ ಮೇಯುವುದಿಲ್ಲ, ಮಳೆ ಬಂದಿಲ್ಲ. ಇದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತ ಹುಚ್ಚನಂತೆ ಏರಿದೆ.

ಮೂರನೇ ಕವಲಿನಲ್ಲಿ ಒಂದು ಬಡಕಲು ಕುದುರೆ ನಿಂತಿತ್ತು. ಬೆನ್ನ ಮೇಲೆ ಪಾತ್ರೆ, ಕಂಬಳಿ, ಬಲೆಯ ಚೀಲದಲ್ಲಿ ಎರಡು ಮರಿ. ಪಕ್ಕದಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಹೇರಿನ ಹಗ್ಗ ಬಿಗಿಯುತ್ತಿದ್ದಳು. ಕಲ್ಲು ಅವಳ ಕಾಲ ಬಳಿ ಮಗುಚಿ ಬಿದ್ದಿತ್ತು. ಅದರಡಿ ಏನೂ ಇರಲಿಲ್ಲ.

ಇಲ್ಲೊಂದು ಟೊಂಗೆ ಇತ್ತಲ್ಲ ಅಂತ ಕೇಳಿದೆ.

"ಈಗರೆ ಒಗದ್ನಿ ರಿ. ಹಸೀದಿದ್ರ ಮುಟ್ತಿದ್ದಿಲ್ಲ. ಪೂರಾ ಒಣಗಿತ್ತು. ಹಿಂದ ಬರಾವ್ರು ಎಂದೋ ಬಂದು ಹೋಗ್ಯಾರ, ಮರತು ಬಿಟ್ಟಾರ ಅಂತ ತಿಳದ್ನಿ."

ಅವಳ ಮೇಲೆ ಸಿಟ್ಟು ಮಾಡಬೇಕೆಂದು ಬಾಯಿ ತೆರೆದೆ. ಆದರೆ ಆಕೆ ಮಾಡಿದ್ದು ನನ್ನ ಹೆಂಡತಿ ನನಗೆ ಕಲಿಸಿದ್ದನ್ನೇ. ಯಾವ ಪೊದೆಗೆ ಎಸೆದೆ ಅಂತ ಕೇಳಿ, ತೋರಿಸಿದ ಕಡೆ ಮಂಡಿಯೂರಿ ಹುಡುಕತೊಡಗಿದೆ. ಆ ಪೊದೆಯ ಬುಡದ ತುಂಬ ಒಣ ಕಡ್ಡಿಗಳು. ಎಷ್ಟೋ ವರ್ಷ ಎಷ್ಟೋ ಗಂಡಸರು ಅಲ್ಲಿಗೇ ಒಗೆದಿದ್ದರೆಂದು ಕಾಣುತ್ತದೆ. ನಾನು ಒಗೆದವೂ ಅದರಲ್ಲಿ ಇದ್ದಿರಬೇಕು. ಎಲ್ಲವೂ ಒಂದೇ ಬಣ್ಣ, ಒಂದೇ ದಪ್ಪ. ಏನು ಕಳೆದುಕೊಂಡಿರಿ ಅಂತ ಆ ಹೆಂಗಸು ಕೇಳಿದಾಗ ಹೇಳಿದೆ: ಅದನ್ನಿಟ್ಟವಳು ನನ್ನ ಹೆಂಡತಿ, ತೀರಿಕೊಂಡಳು, ಹಿಂದೆ ಬರಬೇಕಾದವನು ನಾನು, ಈಗ ಬಂದೆ.

ಆಕೆ ಹಗ್ಗ ಬಿಟ್ಟು ನನ್ನ ಪಕ್ಕ ಕೂತು ಕಡ್ಡಿಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಒಂದೆರಡನ್ನು ನನ್ನ ಕೈಗೆ ಕೊಟ್ಟಳು. ಇದಿರಬಹುದೇನ್ರಿ ಅಂತ ಕೇಳುವಾಗ ಅವಳ ದನಿ ಸಣ್ಣದಾಗಿತ್ತು. ನನಗೆ ಗೊತ್ತಾಗಲಿಲ್ಲ. ಅದನ್ನು ನಾನು ನೋಡಿಯೇ ಇರಲಿಲ್ಲವಲ್ಲ. ಕಂಡ ಕಡ್ಡಿಯನ್ನು ಅವಳದೆಂದು ಮನೆಗೆ ಒಯ್ಯಲು ಮನಸ್ಸು ಒಪ್ಪಲಿಲ್ಲ, ಕೆಳಗಿಟ್ಟೆ. ಬಲೆಯಲ್ಲಿದ್ದ ಮರಿಗಳು ಕೂಗುತ್ತಿದ್ದವು. ಆಕೆಗೆ ಮುಂದೆ ಹೋಗಿ ಒಲೆ ಹೊತ್ತಿಸಬೇಕಿತ್ತು. ಎದ್ದು, ಬಂದರಿಕೆಯ ಹಸಿ ಟೊಂಗೆ ಮುರಿದು, ಬಲಗಡೆಗೆ ತುದಿ ಮಾಡಿ ಇಟ್ಟು, ನನ್ನ ಹೆಂಡತಿ ಇಟ್ಟಿದ್ದ ಆ ಕಲ್ಲನ್ನೇ ಅದರ ಮೇಲೆ ಹೇರಿದಳು. ಬರ್ತೀನ್ರಿ ಅಣ್ಣಾ ಅಂತ ಹೇಳಿ ಕುದುರೆ ಹೊಡೆದುಕೊಂಡು ಹೋದಳು.

ನಾನು ಬಂಡೆಗೆ ಒರಗಿ ಕೂತೆ. ಆ ಹಸಿ ಟೊಂಗೆಯ ಎಲೆಗಳು ಬಿಸಿಲಿಗೆ ಮಿಂಚುತ್ತಿದ್ದವು. ಒಮ್ಮೆ ಕೈ ತಾನಾಗಿ ಅದರ ಕಡೆ ಹೋಯಿತು, ಮುಟ್ಟಿಯೂ ಬಿಟ್ಟೆ. ಹಿಂದೆ ಆ ಹೆಂಗಸಿನ ಗಂಡ ಬರುವುದಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ.

ಸ್ವಲ್ಪ ಹೊತ್ತಿನಲ್ಲಿ ಕೆಳಗಿನಿಂದ ಕೆಂಪು ಧೂಳು ಎದ್ದಿತು, ಆಮೇಲೆ ಕುರಿಗಳು ಬಂದವು, ಕೊನೆಗೆ ಹೆಗಲ ಮೇಲೆ ಕೋಲು ಅಡ್ಡ ಹಾಕಿಕೊಂಡ ಒಬ್ಬ ಗಂಡಸು. ಕಿವಿಗೆ ಮೊಬೈಲು ಒತ್ತಿಕೊಂಡು ಮರಾಠಿಯಲ್ಲಿ ಯಾರಿಗೋ ಉಣ್ಣೆಯ ವ್ಯವಹಾರ ಹೇಳುತ್ತಿದ್ದ. ನನ್ನನ್ನು ಕಂಡು ಮೊಬೈಲು ಕೆಳಗಿಳಿಸಿ, ಹಾದಿ ತಪ್ಪೀರೇನ್ರಿ ಅಂತ ಕೇಳಿದ. ಇಲ್ಲ ಅಂದೆ. ತಲೆಯಾಡಿಸಿ, ಮತ್ತೆ ಮಾತಿಗೆ ಹತ್ತಿ, ಕವಲಿನಲ್ಲಿ ಬಗ್ಗಿ ಆ ಟೊಂಗೆಯನ್ನು ಎಳೆದು, ಅದರ ಕಡೆ ನೋಡದೆಯೇ ಪೊದೆಗೆ ಒಗೆದು ನಡೆದ.