ಕೆರಿಯಮ್ಮನ ಐದು ಬೂಸ್ಟರ್

ಮೇಗರವಳ್ಳಿ ಹತ್ತಿರದ ನಮ್ಮ ಊರಿನಲ್ಲಿ ನಲವತ್ತರ ಒಳಗಿನ ಯಾರನ್ನೇ ಕೇಳಿ, ಅವರು ಕೂಸಾಗಿದ್ದಾಗ ಎಣ್ಣೆ ಹಚ್ಚಿ ನೀರು ಹಾಕಿದವಳು ಕೆರಿಯಮ್ಮ. ಅವಳಿಗೀಗ ಅರವತ್ತೆರಡು. ನನಗಿಂತ ಹತ್ತು ವರ್ಷ ಚಿಕ್ಕವಳು, ಯಮುನಕ್ಕ ಎಂದು ಕರೆಯುತ್ತಾಳೆ. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಬೇಲಿ.

ಬಾಣಂತಿಯರಿಲ್ಲದ ದಿನಗಳಲ್ಲಿ ಅವಳು ಕಾಡಿಗೆ ಹೋಗಿ, ಕೊಟ್ಟಿಗೆಗೆ ಹಾಸಲು ಒಣಗಿದ ಎಲೆ ಗುಡಿಸಿ ತರುತ್ತಿದ್ದಳು. ಎಲೆಯ ಜೊತೆ ರಕ್ತ ಹೀರುವ ಉಣುಗು ಮೈಗೆ ಹತ್ತುತ್ತದೆ, ಉಣುಗಿನಿಂದ ಮಂಗನ ಕಾಯಿಲೆ. ಅದಕ್ಕಾಗಿ ಆರೋಗ್ಯ ಇಲಾಖೆಯವರು ವರ್ಷವೂ ಬಂದು ಸೂಜಿ ಹಾಕುತ್ತಿದ್ದರು. ಮೊದಲಿನ ಎರಡಕ್ಕೆ ಸೂಜಿ ಎಂದೇ ಹೆಸರು, ಆಮೇಲಿನವಕ್ಕೆಲ್ಲ ಬೂಸ್ಟರ್. ಬಹಳ ಉರಿಯುವ ಸೂಜಿ ಅದು. ಜೀಪಿನ ಸದ್ದು ಕೇಳಿದರೆ ಗಂಡಸರು ಗುಡ್ಡ ಹತ್ತುತ್ತಿದ್ದರು. ಕೆರಿಯಮ್ಮ ಮಾತ್ರ ಒಂದನ್ನೂ ತಪ್ಪಿಸಲಿಲ್ಲ. ಸರ್ಕಾರ ಆ ಸೂಜಿಯನ್ನು ನಿಲ್ಲಿಸಿದ ಮೇಲೂ ಐದು ಬೂಸ್ಟರ್ ಬರೆದಿದ್ದ ಕಾರ್ಡನ್ನು ರೇಷನ್ ಕಾರ್ಡಿನ ಜೊತೆಗೇ ಜೋಪಾನ ಮಾಡಿದಳು.

ಕಳೆದ ಚಳಿಗಾಲದಲ್ಲಿ ಅವಳ ಒಬ್ಬಳೇ ಮಗಳು ಸುಚಿತ್ರಾಗೆ ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಕೂಸು, ಒಂದು ಕೆಜಿ ಒಂಬೈನೂರು. ಹನ್ನೆರಡು ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಮನೆಗೆ ಕಳಿಸಿದರು. ಕೆಮ್ಮು ನೆಗಡಿ ಇದ್ದವರನ್ನು ಹತ್ತಿರ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದೇ ಹೇಳಿದ್ದು, ಕೆರಿಯಮ್ಮ ಬಾಗಿಲಲ್ಲಿ ಪೊಲೀಸಿನ ಹಾಗೆ ನಿಂತಳು.

ಅಂಗಡಿಯ ಮುಕುಂದಯ್ಯ ಕೂಸು ನೋಡಲು ಬಂದರು.

"ನಿಮಗೆ ಬೂಸ್ಟರ್ ಆಗಿದ್ಯಾ?"

"ನಾನು ಬೂಸ್ಟೂ ಕುಡಿಯಲ್ಲ, ಹಾರ್ಲಿಕ್ಸೂ ಕುಡಿಯಲ್ಲ ಮಾರಾಯ್ತಿ. ಒಂದು ಲೋಟ ಕಾಫಿ ಕೊಟ್ರೆ ಸಾಕು."

"ತಮಾಷೆನೂ ಹೊರಗೇ ಇರ್ಲಿ, ನೀವೂ ಹೊರಗೇ ಇರಿ."

ನಾನು ಒಂದು ಸಲ ಸೀನಿದೆನೆಂದು ನನ್ನನ್ನೂ ಮೂರು ದಿನ ಒಳಗೆ ಬಿಡಲಿಲ್ಲ.

ಆಮೇಲೆ ಅವಳಿಗೇ ಗಂಟಲು ಕೆರೆಯಿತು. ಕೆಮ್ಮು ಬಂತು. ಆದರೂ ಕೂಸಿಗೆ ನೀರು ಹಾಕುವುದನ್ನು ಬಿಡಲಿಲ್ಲ. "ಎಂತದೇ ಇದು, ಊರವರಿಗೆಲ್ಲ ಒಂದು ನ್ಯಾಯ, ನಿಂಗೆ ಒಂದಾ?" ಎಂದು ನಾನು ಬೇಲಿಯಾಚೆಯಿಂದ ಕೇಳಿದೆ.

"ನಂಗೆ ಐದು ಆಗಿದೆ ಯಮುನಕ್ಕ. ನನ್ನಿಂದ ಎಂತದೂ ಹತ್ತಲ್ಲ."

ಮರುದಿನ ಕೂಸಿನ ತೂಕ ನೋಡಲು ನರ್ಸ್ ಶಿಲ್ಪಶ್ರೀ ಬಂದಳು. ಕೆರಿಯಮ್ಮನ ಕೆಮ್ಮು ಕೇಳಿ ತಿರುಗಿ ನೋಡಿದಳು. ಕೆರಿಯಮ್ಮ ತಡಮಾಡದೆ ಕಾರ್ಡು ತಂದು ಅವಳ ಕೈಯಲ್ಲಿಟ್ಟಳು. ಶಿಲ್ಪಶ್ರೀ ಎರಡು ಸಲ ಓದಿದಳು.

"ಅಯ್ಯೋ ಕೆರಿಯಮ್ಮ, ಇದು ಮಂಗನ ಕಾಯಿಲೆದು! ಕೊರೊನಾದ್ದು ಎಲ್ಲಿ?"

"ಅದು ಎರಡಾಗಿತ್ತು. ಮೂರನೇದಕ್ಕೆ ಶಾಲೆ ಹತ್ರ ಕರೆದಿದ್ರು. ಬೂಸ್ಟರ್ ಅಂದ್ರು. ನಂಗೆ ಆಗಿದೆ ಅಂತ ಹೇಳಿ ವಾಪಸ್ ಬಂದೆ."

ಹೇಳುತ್ತಾ ಹೇಳುತ್ತಾ ಅವಳ ದನಿ ಇಳಿಯಿತು. ಕೂಸಿನ ಬಟ್ಟೆ ಅವಳ ಹೆಗಲಿನಿಂದ ಜಾರಿ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ.

ಇಬ್ಬರಿಗೂ ಕೂಡಲೇ ಪರೀಕ್ಷೆ ಮಾಡಿಸಿ ಎಂದಳು ಶಿಲ್ಪಶ್ರೀ. ಬಾಡಿಗೆ ಕಾರಿನಲ್ಲಿ ನಾವೆಲ್ಲ ತೀರ್ಥಹಳ್ಳಿಗೆ ಹೋದೆವು. ಕೆರಿಯಮ್ಮ ಮಾಸ್ಕ್ ಹಾಕಿಕೊಂಡು ಮುಂದೆ ಕೂತಳು, ಕಿಟಕಿಗಳನ್ನೆಲ್ಲ ತೆರೆದಿಟ್ಟರು. ದಾರಿಯುದ್ದಕ್ಕೂ ಒಂದೇ ಮಾತು, "ನಾನೇ ಕಾಯಿಲೆ ತಂದು ಹಾಕಿದೆನಲ್ಲ ಕೂಸಿಗೆ, ಅಷ್ಟು ಮಕ್ಕಳನ್ನ ಎತ್ತಿ ಆಡಿಸಿದ ಕೈಯಲ್ಲಿ."

ಮೂಗಿಗೆ ಕಡ್ಡಿ ಹಾಕಿ ನೋಡಿದರು. ಅವಳಿಗೆ ಕೊರೊನಾ ಇತ್ತು. ಕೂಸಿನ ರಿಪೋರ್ಟ್ ಬರುವವರೆಗೆ ಅವಳು ಬೆಂಚಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಆಮೇಲೆ ಡಾಕ್ಟರಮ್ಮ ಹೊರಗೆ ಬಂದು, "ಕೂಸಿಗೆ ಇಲ್ಲ. ಹಾಲು ಚೆನ್ನಾಗಿ ಕುಡೀತಿದೆ, ಉಸಿರೂ ಸರಿ ಇದೆ" ಎಂದರು. ಒಂದು ವಾರ ಕಣ್ಣಿಟ್ಟಿರಿ, ಮೈ ಬಿಸಿಯಾದರೆ, ಹಾಲು ಬಿಟ್ಟರೆ ಕೂಡಲೇ ಕರೆದುಕೊಂಡು ಬನ್ನಿ ಎಂದೂ ಹೇಳಿದರು.

ಕೆರಿಯಮ್ಮ ಎದ್ದು ನಿಂತಳು. "ಅವತ್ತು ಆ ಮೂರನೇದು ಹಾಕಿಸ್ಕೊಂಡಿದ್ರೆ ನಂಗೆ ಇದು ಬರ್ತಾ ಇರ್ಲಿಲ್ಲ ಅಲ್ವಾ ಅಮ್ಮಾ?"

ಡಾಕ್ಟರಮ್ಮನಿಗೆ ಅವಸರವಿತ್ತು, ಆದರೂ ನಿಂತರು. "ಹಾಗೆ ಹೇಳಕ್ಕೆ ಆಗಲ್ಲ. ಅದು ಹಾಕಿ ಎಷ್ಟು ವರ್ಷ ಆಯ್ತು ನೋಡಿ. ಬೂಸ್ಟರ್ ಹಾಕಿದ ಮೇಲೆ ಸೋಂಕು ಹತ್ತದ ಹಾಗೆ ತಡೆಯೋ ಶಕ್ತಿ ಕೆಲವು ತಿಂಗಳಲ್ಲೇ ಇಳಿಯುತ್ತೆ. ವೈರಸ್ಸೂ ಸುಮ್ನಿರಲ್ಲ, ವೇಷ ಬದಲಾಯಿಸ್ತಾ ಇರುತ್ತೆ. ಕಾಯಿಲೆ ಜೋರಾಗದ ಹಾಗೆ ಕಾಯೋದು ಇನ್ನೂ ಜಾಸ್ತಿ ದಿನ ಉಳಿಯುತ್ತೆ, ಅದೂ ನಿಧಾನವಾಗಿ ಕಮ್ಮಿಯಾಗುತ್ತೆ. ಹಾಕಿಸ್ಕೊಂಡಿದ್ರೆ ಒಳ್ಳೇದೇ ಇತ್ತು. ಆದ್ರೆ ಇವತ್ತಿನ ಕೆಮ್ಮಿಗೆ ಅವತ್ತಿನ ಸೂಜಿನ ದೂರಬೇಡಿ. ಕೆಮ್ಮಿಕೊಂಡು ಕೂಸನ್ನ ಎತ್ಕೊಂಡ್ರಲ್ಲ, ತಪ್ಪಾಗಿದ್ದು ಅಲ್ಲಿ."

"ಅಂದ್ರೆ ಕಾಡಿಗೆ ಹೋಗೋವಾಗ ಕಾಲಿಗೆ ಹಚ್ಚೋ ಎಣ್ಣೆ ಇದ್ದಂಗೆ," ಎಂದಳು ಕೆರಿಯಮ್ಮ. "ಬೆಳಗ್ಗೆ ಹಚ್ಚಿದ್ದು ಸಂಜೆಗಿಲ್ಲ. ಹಚ್ಚಿದೀನಿ ಅಂತ ಉಣುಗಿನ ಮೇಲೆ ಕೂರಕ್ಕೂ ಆಗಲ್ಲ."

ಡಾಕ್ಟರಮ್ಮ ನಕ್ಕುಬಿಟ್ಟರು. ವಯಸ್ಸಾದವರು ಫ್ಲೂ ಸೂಜಿಯನ್ನು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳುವುದು ಒಳ್ಳೆಯದೆಂದೂ, ಕೊರೊನಾದ್ದು ಬೇಕೋ ಎಂದು ವಾಸಿಯಾದ ಮೇಲೆ ಬಂದು ಕೇಳಿ ಎಂದೂ ಹೇಳಿದರು.

ಹತ್ತು ದಿನ ಕೆರಿಯಮ್ಮ ನಮ್ಮ ಮನೆಯ ಹೊರಕೋಣೆಯಲ್ಲಿದ್ದಳು. ಎರಡು ದಿನ ಜ್ವರ ಬಂದು ಬಿಟ್ಟಿತು. ದಿನಾ ಬೆಳಿಗ್ಗೆ ಬೇಲಿಯ ಬಳಿ ನಿಂತು, ಕೂಸಿಗೆ ನೀರು ಹಾಕುತ್ತಿದ್ದ ಮಗಳಿಗೆ ಕೂಗುತ್ತಿದ್ದಳು: "ಕತ್ತಿಗೆ ಕೈ ಕೊಡೇ! ಕಿವಿಗೆ ನೀರು ಹೋಗುತ್ತೆ!" ಸುಚಿತ್ರಾ ಮೊದಲ ದಿನ ಅತ್ತಳು, ಮೂರನೆಯ ದಿನ ಬೈದಳು, ಆಮೇಲೆ ತನ್ನ ಪಾಡಿಗೆ ತಾನು ನೀರು ಹೊಯ್ದಳು. ಕೂಸಿನ ಮೈ ಬಿಸಿಯಾಗಲಿಲ್ಲ. ವಾರ ಕಳೆದ ಬೆಳಿಗ್ಗೆ ಶಿಲ್ಪಶ್ರೀ ತೂಗಿ, "ಎರಡು ಕೆಜಿ ಮುನ್ನೂರು!" ಎಂದು ಬೇಲಿಯಾಚೆಯಿಂದಲೇ ಕೂಗಿದಳು. ಕೆರಿಯಮ್ಮ ನನ್ನ ಹೆಗಲು ಹಿಡಿದುಕೊಂಡಳು.

ಹನ್ನೊಂದನೆಯ ದಿನ ತಲೆಗೆ ಸ್ನಾನ ಮಾಡಿ, ಸೀರೆ ಎತ್ತಿ ಕಟ್ಟಿ, ಬಚ್ಚಲಿಗೆ ನಡೆದಳು. ಅಲ್ಲಿ ಸುಚಿತ್ರಾ ಆಗಲೇ ಕಾಲು ನೀಡಿ ಕೂತು ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು.

"ಅವ್ವ, ನಂಗೆ ಬರುತ್ತೆ ಈಗ. ನೀ ನೀರು ಹೊಯ್ಯಿ."

ಕೆರಿಯಮ್ಮ ನನ್ನ ಮುಖ ನೋಡಿದಳು. ಆಮೇಲೆ ತಂಬಿಗೆ ಎತ್ತಿಕೊಂಡು, ಮಗಳು ಹೇಳಿದ ಕಡೆ ನೀರು ಹೊಯ್ದಳು.